ಮೇಡಂ ಕ್ಯೂರಿಯವರ ಎಕ್ಸ್‌ರೇ ಪಾಠಶಾಲೆ

ಪ್ಲಸ್ ಟು ಫಲಿತಾಂಶ ಪ್ರಕಟವಾದೊಡನೆ ನಮ್ಮ ಗಡಿನಾಡಿನ ಮನೆಮನೆಗಳಲ್ಲಿ ಒಂದೇ ಚರ್ಚೆ. ಮೆಡಿಕಲ್ ಸೀಟು ಸಿಕ್ಕಿದರೆ ಸರಿ. ಸಿಕ್ಕದಿದ್ದರೆ ಫಿಸಿಯೋಥೆರಪಿಯೋ, ಲ್ಯಾಬ್ ಟೆಕ್ನಾಲಜಿಯೋ, ಎಕ್ಸ್‌ರೇ ಸ್ಕ್ಯಾನಿಂಗ್ ಕೋರ್ಸೋ, ಕಣ್ಣು ಪರೀಕ್ಷೆಯ ಆಪ್ಟೊಮೆಟ್ರಿಯೋ ಯಾವುದಾದರೊಂದಕ್ಕೆ ಸೇರಿಸೋಣ ಎಂದು ಹಿರಿಯರು ಹೇಳುತ್ತಾರೆ. ಹೇಳುವ ಧಾಟಿಯಲ್ಲಿ ಒಂದಿಷ್ಟು ನಿರಾಶೆ ಬೆರೆತೇ ಇರುತ್ತದೆ. ಮಕ್ಕಳು ತಲಪಾಡಿ ದಾಟಿ ಮಂಗಳೂರಿಗೋ, ದೇರಳಕಟ್ಟೆಗೋ, ಮಣಿಪಾಲಕ್ಕೋ ಹೋಗಿ ಸೇರುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು ಮೊದಲ ಕೆಲವು ತಿಂಗಳು ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಕಂಗಾಲಾಗುವುದೂ ಉಂಟು. ವೈದ್ಯರಿಗೆ ಪೂರಕವಾದ ಈ ವೃತ್ತಿಗಳನ್ನು ಎರಡನೆಯ ದರ್ಜೆಯ ವಿದ್ಯೆಯೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ.

ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಮೇಡಂ ಕ್ಯೂರಿಯವರ ಹೆಸರನ್ನು ಕೇಳದವರಿಲ್ಲ. ರೇಡಿಯಂ ಕಂಡುಹಿಡಿದವರೆಂದು ಶಾಲಾ ಪುಸ್ತಕಗಳಲ್ಲೆಲ್ಲ ಓದಿದ್ದೇವೆ. ಆದರೆ ಅದೇ ಕ್ಯೂರಿಯವರು ಸುಮಾರು 47ರ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸವನ್ನು ಮೊದಲಿನಿಂದ ಕಲಿತು, ವಾಹನದಲ್ಲಿ ಯಂತ್ರವನ್ನು ಹೇರಿಕೊಂಡು ಯುದ್ಧಭೂಮಿಯ ಆಸ್ಪತ್ರೆಗಳಿಗೆ ತಿರುಗಿ, ಕೊನೆಗೆ ಆ ಕೆಲಸವನ್ನು ಕಲಿಸಲು ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಥೆಯೊಂದರಲ್ಲಿ ಪಾಠಶಾಲೆಯನ್ನೇ ನಡೆಸಿದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಬಾಳಿನ ಈ ಭಾಗವನ್ನು ತುಸು ವಿಸ್ತಾರವಾಗಿ ಹೇಳುವುದೇ ನಮ್ಮ ಉದ್ದೇಶ.

ಮಾರ್ಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದ್ದು 1867ನೇ ಇಸವಿ ನವೆಂಬರ್ 7ರಂದು, ವಾರ್ಸಾ ನಗರದಲ್ಲಿ. ಐವರು ಮಕ್ಕಳಲ್ಲಿ ಕೊನೆಯವಳು. ಆಗ ಪೋಲೆಂಡ್ ಎಂಬ ಸ್ವತಂತ್ರ ದೇಶ ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು 18ನೇ ಶತಮಾನದ ಕೊನೆಯಲ್ಲೇ ಅದನ್ನು ಪಾಲು ಮಾಡಿಕೊಂಡಿದ್ದವು. ವಾರ್ಸಾ ಬಿದ್ದದ್ದು ರಷ್ಯಾದ ಪಾಲಿಗೆ. 1863ರಲ್ಲಿ ಎದ್ದ ದಂಗೆ ಮುರಿದುಬಿದ್ದ ಮೇಲೆ ರಷ್ಯದ ಅಧಿಕಾರಿಗಳು ಪೋಲಿಷ್ ಭಾಷೆಯನ್ನು ಶಾಲೆಗಳಿಂದ ಹೊರಹಾಕಲು ಪಣತೊಟ್ಟಿದ್ದರು. ಮಾರ್ಯಾಳ ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದವರು. ಪೋಲಿಷ್ ಅಭಿಮಾನಿಯೆಂಬ ಕಾರಣಕ್ಕೆ ತಂದೆಗೆ ಕೆಲಸದಲ್ಲಿ ಹಿಂಬಡ್ತಿಯಾಯಿತು, ಸಂಬಳ ಇಳಿಯಿತು. ಪೋಲಿಷ್ ಮಕ್ಕಳಿಗೆ ಪ್ರಯೋಗಪಾಠ ಬೇಡವೆಂದು ಸರಕಾರ ನಿಲ್ಲಿಸಿದಾಗ ಅವರು ಪ್ರಯೋಗಸಾಧನಗಳನ್ನು ಮನೆಗೆ ತಂದು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟರು. ಪುಟ್ಟ ಮಾರ್ಯಾ ಆ ಕಪಾಟಿನ ಮುಂದೆ ನಿಂತು ನೋಡುತ್ತಿದ್ದಳಂತೆ.

ಅವಳು ಓದಿದ ಶಾಲೆಯಲ್ಲಿ ಎರಡು ಟೈಮ್‌ಟೇಬಲ್ಲುಗಳಿದ್ದವು: ಒಂದು ಅಧಿಕಾರಿಗಳಿಗೆ ತೋರಿಸಲು, ಇನ್ನೊಂದು ನಿಜವಾಗಿ ನಡೆಸಲು. ಪೋಲೆಂಡಿನ ಚರಿತ್ರೆಯನ್ನು ಬೇರೆ ಹೆಸರಿನಲ್ಲಿ ಬರೆದುಕೊಂಡು ಪೋಲಿಷ್ ಭಾಷೆಯಲ್ಲೇ ಕಲಿಸುತ್ತಿದ್ದರು. ರಷ್ಯನ್ ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದರೆ ಗಂಟೆಯ ಸಂಕೇತ ಕೇಳಿಸುತ್ತಿತ್ತು. ಕ್ಷಣಾರ್ಧದಲ್ಲಿ ಪುಸ್ತಕಗಳು ಮಾಯವಾಗಿ ಹುಡುಗಿಯರ ಕೈಯಲ್ಲಿ ಹೊಲಿಗೆಯ ಬಟ್ಟೆ ಕಾಣಿಸಿಕೊಳ್ಳುತ್ತಿತ್ತು. ಇನ್ಸ್‌ಪೆಕ್ಟರ್ ಪ್ರಶ್ನೆ ಕೇಳಿದಾಗ ಅಧ್ಯಾಪಕಿ ಎಬ್ಬಿಸಿ ನಿಲ್ಲಿಸುತ್ತಿದ್ದುದು ಮಾರ್ಯಾಳನ್ನೇ, ಏಕೆಂದರೆ ರಷ್ಯನ್ ಭಾಷೆ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಝಾರ್ ದೊರೆಗಳ ಹೆಸರುಗಳನ್ನು ಸಾಲಾಗಿ, ಒಂದೂ ತಪ್ಪದೆ ಒಪ್ಪಿಸಿ, ಆತ ಹೊರಟುಹೋದ ಮೇಲೆ ಆ ಹುಡುಗಿ ಅಳುತ್ತಿದ್ದಳು.

ಈ ಪ್ರಸಂಗವನ್ನು ಓದುವಾಗ ನಮ್ಮ ಓದುಗರಿಗೆ ತಮ್ಮ ಊರು ನೆನಪಾಗದಿರದು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿ ಕನ್ನಡ ಶಾಲೆಗಳು ಹಾಡುಹಗಲೇ ನಡೆಯುತ್ತವೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ನಮ್ಮ ದೂರುಗಳೇ ಬೇರೆ, ಅಲ್ಲಿನ ಸಂಕಟವೇ ಬೇರೆ. ಸಾಮ್ಯವಿರುವುದು ಒಂದೇ ಕಡೆ: ಮನೆಯ ಮಾತು ಒಂದು, ಆಡಳಿತದ ಮಾತು ಇನ್ನೊಂದು, ಮುಂದಿನ ಓದಿನ ಮಾತು ಮತ್ತೊಂದು ಎಂಬ ಸ್ಥಿತಿಯಲ್ಲಿ ಬೆಳೆದ ಮಗು ಅದು.

ಟೈಫಸ್ ಜ್ವರಕ್ಕೆ ದೊಡ್ಡಕ್ಕ ತೀರಿಕೊಂಡಳು. 1878ರಲ್ಲಿ ಕ್ಷಯರೋಗದಿಂದ ತಾಯಿಯೂ ಹೋದರು. ಮಾರ್ಯಾಳಿಗೆ ಆಗ ಹತ್ತು ವರ್ಷ. 1883ರಲ್ಲಿ ಪ್ರೌಢಶಾಲೆಯನ್ನು ಚಿನ್ನದ ಪದಕದೊಂದಿಗೆ ಮುಗಿಸಿದರೂ ಮುಂದೆ ಓದುವ ದಾರಿ ಮುಚ್ಚಿತ್ತು. ವಾರ್ಸಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಜಾಗ ಬದಲಿಸುತ್ತ ಗುಟ್ಟಾಗಿ ನಡೆಯುತ್ತಿದ್ದ ವಿದ್ಯಾಲಯವೊಂದಿತ್ತು. ಹಾರುವ ವಿಶ್ವವಿದ್ಯಾಲಯವೆಂದು ಅದಕ್ಕೆ ಹೆಸರು. ಅಕ್ಕ ಬ್ರೋನ್ಯಾಳೊಂದಿಗೆ ಮಾರ್ಯಾ ಅಲ್ಲಿಗೆ ಹೋಗತೊಡಗಿದಳು.

ಅಕ್ಕನಿಗೆ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಓದುವ ಹಂಬಲ, ತಂಗಿಗೆ ವಿಜ್ಞಾನ ಓದುವ ಹಂಬಲ, ಮನೆಯಲ್ಲಿ ಹಣವಿಲ್ಲ. ತಂಗಿಯೇ ಒಂದು ಉಪಾಯ ಸೂಚಿಸಿದಳು. ಮೊದಲು ಅಕ್ಕ ಹೋಗಲಿ, ತಾನು ಮನೆಪಾಠ ಹೇಳಿ ಹಣ ಕಳುಹಿಸುವೆ. ಅಕ್ಕ ಡಾಕ್ಟರಾದ ಮೇಲೆ ತನ್ನನ್ನು ಕರೆಸಿಕೊಳ್ಳಲಿ. ಈ ಒಪ್ಪಂದದಂತೆ 18ರ ಹರೆಯದ ಹುಡುಗಿ ಪರರ ಮನೆಗಳಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತಳು. ಹಳ್ಳಿಯೊಂದರ ಜಮೀನುದಾರರ ಮನೆಯಲ್ಲಿ ಮೂರೂವರೆ ವರ್ಷ ಕಳೆದಾಗ, ಬಿಡುವಿನ ಹೊತ್ತಿನಲ್ಲಿ ಕೂಲಿಕಾರರ ಮಕ್ಕಳನ್ನು ಕೂರಿಸಿ ಪೋಲಿಷ್ ಅಕ್ಷರ ಕಲಿಸುತ್ತಿದ್ದಳು. ಸರಕಾರಕ್ಕೆ ತಿಳಿದರೆ ಕಠಿಣ ಶಿಕ್ಷೆಯಾಗುವಂಥ ಅಪರಾಧ ಅದು. ರಾತ್ರಿ ತನ್ನ ಓದು. ಆ ಮನೆಯ ಹಿರಿಯ ಮಗ ಅವಳನ್ನು ಮದುವೆಯಾಗಬಯಸಿದಾಗ, ಮನೆಪಾಠದವಳು ಸೊಸೆಯಾಗಿ ಬೇಡವೆಂದು ಹಿರಿಯರು ತಡೆದರು. ಅವಮಾನ ನುಂಗಿಕೊಂಡು ಅದೇ ಮನೆಯಲ್ಲಿ ಕೆಲಸ ಮುಂದುವರಿಸಬೇಕಾಯಿತು, ಏಕೆಂದರೆ ಅಕ್ಕನಿಗೆ ತಿಂಗಳು ತಿಂಗಳು ಹಣ ಹೋಗಬೇಕಿತ್ತು.

1891ರ ಶರತ್ಕಾಲದಲ್ಲಿ ಅವಳ ಸರದಿ ಬಂತು. ಊಟದ ಬುತ್ತಿ, ಹಾಸಿಗೆ, ಕೂರಲು ಮಡಿಸುವ ಕುರ್ಚಿ ಎಲ್ಲವನ್ನೂ ಕಟ್ಟಿಕೊಂಡು ಅಗ್ಗದ ದರ್ಜೆಯ ರೈಲಿನಲ್ಲಿ ಪ್ಯಾರಿಸ್ಸಿಗೆ ಹೊರಟಳು. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರನ್ನು ಫ್ರೆಂಚ್ ರೀತಿಯಲ್ಲಿ ಮೇರಿ ಎಂದು ಬರೆಸಿದಳು. ಮೊದಲ ದಿನಗಳಲ್ಲೇ ಎರಡು ಕೊರತೆಗಳು ಎದ್ದು ಕಂಡವು. ಪುಸ್ತಕದಿಂದ ಕಲಿತ ಫ್ರೆಂಚ್ ಪ್ರಾಧ್ಯಾಪಕರ ವೇಗದ ಮಾತಿಗೆ ಸಾಲದು. ಒಬ್ಬಳೇ ಕೂತು ಕಲಿತ ಗಣಿತ ಸಹಪಾಠಿಗಳ ಗಣಿತಕ್ಕೆ ಸಾಲದು. ಎರಡನ್ನೂ ಹಟ ಹಿಡಿದು ತುಂಬಿಸಿಕೊಂಡಳು. ಅಕ್ಕನ ಮನೆಯಲ್ಲಿ ಓದಿಗೆ ತೊಡಕೆಂದು ಮಾಳಿಗೆಯ ಒಂದು ಕೋಣೆಗೆ ಬಾಡಿಗೆಗೆ ಹೋದಳು. ಚಳಿಗಾಲದಲ್ಲಿ ಒಲೆಗೆ ಕಲ್ಲಿದ್ದಲು ಸಾಲದೆ, ಇದ್ದಬದ್ದ ಬಟ್ಟೆಯನ್ನೆಲ್ಲ ಹೊದಿಕೆಯ ಮೇಲೆ ಹೇರಿಕೊಂಡು ಮಲಗುತ್ತಿದ್ದಳು. ಬ್ರೆಡ್ಡು, ಚಹಾ, ಮೂಲಂಗಿಯ ಆಹಾರದಲ್ಲಿ ಒಮ್ಮೆ ತಲೆಸುತ್ತಿ ಬಿದ್ದುದೂ ಉಂಟು. 1893ರಲ್ಲಿ ಭೌತವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದಲ್ಲಿ ಎರಡನೆಯ ಸ್ಥಾನ ಅವಳದಾಯಿತು. ನಡುವೆ ವಾರ್ಸಾದಿಂದ 600 ರೂಬಲ್‌ಗಳ ವಿದ್ಯಾರ್ಥಿವೇತನ ದೊರೆತಿತ್ತು. ತಾನು ಗಳಿಸತೊಡಗಿದಾಗ ಆ ಹಣವನ್ನು ಪೂರ್ತಿ ಹಿಂದಿರುಗಿಸಿದಳು. ವಿದ್ಯಾರ್ಥಿವೇತನವನ್ನು ಯಾರೂ ಹಿಂದಿರುಗಿಸುವ ರೂಢಿಯಿಲ್ಲವಾದ್ದರಿಂದ ಕೊಟ್ಟವರೇ ಚಕಿತರಾದರಂತೆ.

ಮುಂದಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಬೇಗನೆ ಹೇಳಿ ಮುಗಿಸುತ್ತೇವೆ. 1895ರಲ್ಲಿ ಪಿಯರ್ ಕ್ಯೂರಿಯವರೊಂದಿಗೆ ವಿವಾಹ. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ರಂಟ್‌ಜನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದರು. 1898ರಲ್ಲಿ ಕ್ಯೂರಿ ದಂಪತಿಗಳು ಎರಡು ಹೊಸ ಮೂಲವಸ್ತುಗಳನ್ನು ಪ್ರಕಟಿಸಿದರು. ಮೊದಲನೆಯದಕ್ಕೆ, ಭೂಪಟದಲ್ಲಿ ಇಲ್ಲದ ತನ್ನ ನಾಡಿನ ನೆನಪಿಗೆ, ಮೇರಿಯವರು ಪೊಲೋನಿಯಂ ಎಂದು ಹೆಸರಿಟ್ಟರು. ಎರಡನೆಯದು ರೇಡಿಯಂ. 1903ರಲ್ಲಿ ಬೆಕ್ವೆರೆಲ್ ಅವರೊಂದಿಗೆ ದಂಪತಿಗಳಿಗೆ ಭೌತವಿಜ್ಞಾನದ ನೊಬೆಲ್. 1906ರ ಏಪ್ರಿಲ್ 19ರಂದು ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ಮೃತಪಟ್ಟರು. ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ ಗಂಡನ ಪಾಠಗಳನ್ನು ವಹಿಸಿಕೊಂಡು ಸೊರ್ಬಾನಿನಲ್ಲಿ ಕಲಿಸಿದ ಮೊದಲ ಮಹಿಳೆಯಾದರು. 1911ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವರಿಗೆ ಸದಸ್ಯತ್ವ ನಿರಾಕರಿಸಿತು. ಅದೇ ವರ್ಷ ಸ್ವೀಡನ್ ಎರಡನೆಯ ನೊಬೆಲ್ ಕೊಟ್ಟಿತು, ಈ ಬಾರಿ ರಸಾಯನವಿಜ್ಞಾನಕ್ಕೆ.

1914ರ ಬೇಸಿಗೆಯಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯ ಮತ್ತು ಪಾಸ್ಚರ್ ಸಂಸ್ಥೆ ಸೇರಿ ಕಟ್ಟಿಸಿದ ರೇಡಿಯಂ ಸಂಸ್ಥೆಯ ಕಟ್ಟಡ ಸಿದ್ಧವಾಯಿತು. ಒಳಗೆ ಕೆಲಸ ಆರಂಭವಾಗುವ ಮೊದಲೇ ಆಗಸ್ಟ್‌ನಲ್ಲಿ ಮಹಾಯುದ್ಧ ಸಿಡಿಯಿತು. ಪ್ರಯೋಗಾಲಯದ ಗಂಡಸರೆಲ್ಲ ಸೈನ್ಯಕ್ಕೆ ಹೋದರು. ಜರ್ಮನರು ಪ್ಯಾರಿಸ್ಸಿನತ್ತ ನುಗ್ಗುತ್ತಿದ್ದಾಗ, ಸಂಸ್ಥೆಯಲ್ಲಿದ್ದ ಒಂದು ಗ್ರಾಂ ರೇಡಿಯಂ ಅವರ ಕೈಗೆ ಸಿಗಬಾರದೆಂದು ಮೇರಿಯವರು ಸೀಸದ ಭಾರದ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಬೋರ್ಡೋ ನಗರಕ್ಕೆ ಒಯ್ದು, ಬ್ಯಾಂಕಿನಲ್ಲಿ ಭದ್ರಪಡಿಸಿ, ಜನರೆಲ್ಲ ಪ್ಯಾರಿಸ್ ಬಿಟ್ಟು ಓಡುತ್ತಿದ್ದ ಹೊತ್ತಿನಲ್ಲಿ ಪ್ಯಾರಿಸ್ಸಿಗೇ ಹಿಂತಿರುಗಿದರು.

ಹಿಂತಿರುಗಿದವರ ಕಣ್ಣಿಗೆ ಬಿದ್ದದ್ದು ಆಸ್ಪತ್ರೆಗಳ ದುಸ್ಥಿತಿ. ಕ್ಷ-ಕಿರಣ ಪತ್ತೆಯಾಗಿ 19 ವರ್ಷಗಳಾಗಿದ್ದರೂ ಯಂತ್ರಗಳಿದ್ದುದು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ. ಯುದ್ಧರಂಗದ ಸಮೀಪದಲ್ಲಿ ಏನೂ ಇರಲಿಲ್ಲವೆಂದೇ ಹೇಳಬೇಕು. ಗುಂಡು ದೇಹದೊಳಗೆ ಎಲ್ಲಿ ಕೂತಿದೆಯೆಂದು ತಿಳಿಯಲು ಶಸ್ತ್ರವೈದ್ಯರು ಗಾಯದೊಳಗೆ ಸಲಾಕೆ ಹಾಕಿ ತಡಕುತ್ತಿದ್ದರು. ಉಳಿಸಬಹುದಾದ ಕೈಕಾಲುಗಳನ್ನು ಕತ್ತರಿಸುವುದು, ದೂರದ ನಗರಕ್ಕೆ ಸಾಗಿಸುವ ದಾರಿಯಲ್ಲೇ ಗಾಯಾಳು ಪ್ರಾಣಬಿಡುವುದು ನಿತ್ಯದ ಮಾತಾಗಿತ್ತು. ಗಾಯಾಳುವನ್ನು ಯಂತ್ರದ ಬಳಿಗೆ ತರಲಾಗದಿದ್ದರೆ ಯಂತ್ರವನ್ನೇ ಗಾಯಾಳುವಿನ ಬಳಿಗೆ ಒಯ್ಯೋಣವೆಂದು ಮೇರಿಯವರು ನಿಶ್ಚಯಿಸಿದರು.

ನಿಶ್ಚಯಿಸಿದ್ದೇನೋ ಸರಿ, ಆದರೆ ಆ ಕೆಲಸ ಅವರಿಗೆ ಬರುತ್ತಿರಲಿಲ್ಲ. ನಾವು ಒತ್ತಿ ಹೇಳಬಯಸುವುದು ಇದನ್ನೇ. ಕ್ಷ-ಕಿರಣಗಳ ಸಿದ್ಧಾಂತವನ್ನು ತರಗತಿಯಲ್ಲಿ ಬೋಧಿಸಿದ್ದ, ಎರಡು ನೊಬೆಲ್ ಪಡೆದಿದ್ದ ಪ್ರಾಧ್ಯಾಪಕಿಗೂ ನರಳುತ್ತಿರುವ ಒಬ್ಬ ಮನುಷ್ಯನ ತೊಡೆಯ ಚಿತ್ರ ತೆಗೆಯುವುದು ಬೇರೆಯೇ ವಿದ್ಯೆಯಾಗಿತ್ತು. ನೊಬೆಲ್ ಇದೆಯಲ್ಲ ಎಂದು ಅವರು ಬೀಗಲಿಲ್ಲ. ಪ್ಯಾರಿಸ್ಸಿನ ಹಿರಿಯ ಎಕ್ಸ್‌ರೇ ವೈದ್ಯ ಆಂಟ್ವಾನ್ ಬೆಕ್ಲೇರ್ ಅವರ ಬಳಿ ಯಂತ್ರ ನಡೆಸುವ ಕ್ರಮ ಕಲಿತರು. ಅಂಗರಚನಾಶಾಸ್ತ್ರದ ಪುಸ್ತಕಗಳನ್ನು ತರಿಸಿ ಮೂಳೆ ಮೂಳೆಯ ಹೆಸರು, ಸ್ಥಾನ ಬಾಯಿಪಾಠ ಮಾಡಿದರು. ಚಾಲಕ ಸಿಗದ ದಿನಕ್ಕೆಂದು ಮೋಟಾರು ಓಡಿಸಲು ಕಲಿತು 1916ರಲ್ಲಿ ಲೈಸೆನ್ಸನ್ನೂ ಪಡೆದರು. ಟಯರು ಬದಲಿಸುವುದು, ಕಾರ್ಬುರೇಟರ್ ಬಿಚ್ಚಿ ಚೊಕ್ಕಟ ಮಾಡುವುದು ಎಲ್ಲವೂ ಕರಗತವಾಯಿತು. ರೆಡ್‌ಕ್ರಾಸ್ ಸಂಸ್ಥೆ ತನ್ನ ಎಕ್ಸ್‌ರೇ ಸೇವಾ ವಿಭಾಗದ ನಿರ್ದೇಶಕಿಯಾಗಿ ಅವರನ್ನು ನೇಮಿಸಿತು. ಸಿರಿವಂತ ಮನೆತನಗಳ ಬಾಗಿಲಿಗೆ ಹೋಗಿ ಮೋಟಾರು ವಾಹನಗಳನ್ನು ಬೇಡಿ ತಂದರು. ಯುದ್ಧ ಮುಗಿದ ಮೇಲೆ ಹಿಂದಿರುಗಿಸುವುದಾಗಿ ಮಾತು ಕೊಡುತ್ತಿದ್ದರಂತೆ. ಮುರಿಯದೆ ಉಳಿದಿದ್ದರೆ ಎಂಬ ಷರತ್ತಿನೊಂದಿಗೆ.

ವಾಹನದೊಳಗಿನ ಏರ್ಪಾಡು ಹೀಗಿತ್ತು. ಎಂಜಿನಿನ ಬಲದಿಂದ ತಿರುಗಿ ವಿದ್ಯುತ್ ಕೊಡುವ ಒಂದು ಡೈನಮೋ, ಎಕ್ಸ್‌ರೇ ನಳಿಗೆ, ಮಡಿಸುವ ಮೇಜು, ಫೋಟೋ ತಟ್ಟೆಗಳು, ಬೆಳಕು ಮರೆಮಾಡಲು ಕಪ್ಪು ಪರದೆ, ಉದ್ದನೆಯ ತಂತಿ. ಆಸ್ಪತ್ರೆಯೆಂದು ಹೇಳುವ ಯಾವುದೋ ಹಳೆಯ ಬಂಗಲೆಯ ಅಂಗಳದಲ್ಲಿ ವಾಹನ ನಿಲ್ಲಿಸಿ, ಕಿಟಕಿಯ ಮೂಲಕ ತಂತಿ ಎಳೆದು, ಕೋಣೆಯನ್ನು ಕತ್ತಲೆ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸ ಆರಂಭ. ಒಬ್ಬೊಬ್ಬರಾಗಿ ಗಾಯಾಳುಗಳನ್ನು ಹೊತ್ತು ತರುವರು. ಅವರು ಮುಗಿಯುವ ತನಕ, ರಾತ್ರಿಯೆನ್ನದೆ ಹಗಲೆನ್ನದೆ, ಅದೇ ಕತ್ತಲೆ ಕೋಣೆ. ಸೈನಿಕರು ಈ ವಾಹನಗಳಿಗೆ ಪುಟ್ಟ ಕ್ಯೂರಿ ಎಂದು ಹೆಸರಿಟ್ಟರು. ಮೇರಿಯವರು ಸಜ್ಜುಗೊಳಿಸಿದ ವಾಹನಗಳು ಸುಮಾರು 20. ನಿಂತ ಆಸ್ಪತ್ರೆಗಳಲ್ಲಿ ಸ್ಥಾಪಿಸಿದ ಎಕ್ಸ್‌ರೇ ಕೋಣೆಗಳು ಸುಮಾರು 200. ಈ ಎಲ್ಲ ಕಡೆಗಳಲ್ಲಿ ಪರೀಕ್ಷೆಯಾದ ಗಾಯಾಳುಗಳ ಸಂಖ್ಯೆ ಹತ್ತು ಲಕ್ಷ ಮೀರಿತೆಂದು ಅಂದಾಜು. 1915ರ ಏಪ್ರಿಲಿನಲ್ಲಿ ಒಮ್ಮೆ ವಾಹನ ಚರಂಡಿಗೆ ಮಗುಚಿ ಪೆಟ್ಟಿಗೆಗಳೆಲ್ಲ ಅವರ ಮೈಮೇಲೆ ಬಿದ್ದವು. ಮನೆಯಲ್ಲಿ ಈ ವಿಷಯವನ್ನೇ ಎತ್ತಲಿಲ್ಲ. ಮಕ್ಕಳಿಗೆ ತಡವಾಗಿ, ಬೇರೆ ದಾರಿಯಿಂದ ತಿಳಿಯಿತು.

ಎಕ್ಸ್‌ರೇ ತೆಗೆಯುವುದೆಂದರೆ ಗುಂಡಿ ಒತ್ತುವುದು ಎಂದು ಭಾವಿಸಿದವರಿಗಾಗಿ ಒಂದು ಮಾತು. ಒಂದೇ ಚಿತ್ರದಲ್ಲಿ ಗುಂಡು ಕಾಣಿಸುತ್ತದೆ ನಿಜ, ಆದರೆ ಅದು ಬರಿಯ ನೆರಳು. ಚರ್ಮದ ಕೆಳಗೇ ಇದೆಯೋ, ಮೂಳೆಯ ಹಿಂದೆ ಆಳದಲ್ಲಿದೆಯೋ ನೆರಳು ಹೇಳುವುದಿಲ್ಲ. ಕರೆಂಟು ಹೋದ ರಾತ್ರಿ ದೀಪದ ಮುಂದೆ ಕೈ ಹಿಡಿದು ಗೋಡೆಯ ಮೇಲೆ ನೆರಳಾಟ ಆಡಿದವರು ಗಮನಿಸಿರಬಹುದು: ಕೈ ಗೋಡೆಗೆ ಹತ್ತಿರವಿದ್ದರೆ ದೀಪ ಸರಿಸಿದಾಗ ನೆರಳು ಸ್ವಲ್ಪವೇ ಸರಿಯುತ್ತದೆ, ಕೈ ದೂರವಿದ್ದರೆ ಬಹಳ ಸರಿಯುತ್ತದೆ. ಯುದ್ಧಕಾಲದ ಎಕ್ಸ್‌ರೇ ಕೆಲಸಗಾರರು ಮಾಡುತ್ತಿದ್ದುದು ಇದೇ ಲೆಕ್ಕ. ನಳಿಗೆಯನ್ನು ಗೊತ್ತಾದ ದೂರ ಸರಿಸಿ ಎರಡನೆಯ ಬಾರಿ ನೋಡಿ, ನೆರಳು ಎಷ್ಟು ಸರಿಯಿತೆಂದು ಅಳೆಯುತ್ತಿದ್ದರು. ಉದಾಹರಣೆಗೆ, ನಳಿಗೆ ತಟ್ಟೆಯಿಂದ 60 ಸೆಂಟಿಮೀಟರ್ ಮೇಲಿದೆ; ಅದನ್ನು 10 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದಾಗ ಗುಂಡಿನ ನೆರಳು 2 ಸೆಂಟಿಮೀಟರ್ ಸರಿದರೆ, ಗುಂಡು ತಟ್ಟೆಯಿಂದ 10 ಸೆಂಟಿಮೀಟರ್ ಮೇಲಿದೆಯೆಂದು ಅರ್ಥ. ಹೈಸ್ಕೂಲಿನ ಸಮರೂಪ ತ್ರಿಭುಜಗಳ ಪಾಠ ಇದಕ್ಕೆ ಸಾಕು. ಆದರೆ ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೆ ಶಸ್ತ್ರವೈದ್ಯನ ಚಾಕು ರಕ್ತನಾಳಕ್ಕೆ ತಾಗಬಹುದು.

ಹಿರಿಯ ಮಗಳು ಐರೀನ್‌ಗೆ ಯುದ್ಧ ಆರಂಭವಾದಾಗ 17 ತುಂಬುತ್ತಿತ್ತು. ಶುಶ್ರೂಷೆಯ ತರಬೇತಿ ಪಡೆದು ತಾಯಿಯ ಜೊತೆ ಹೊರಟವಳು ಸ್ವಲ್ಪ ಕಾಲದಲ್ಲೇ ಸ್ವತಂತ್ರವಾಗಿ ಕೆಲಸ ಮಾಡತೊಡಗಿದಳು. ಬೆಲ್ಜಿಯಂನ ಹೂಗ್‌ಸ್ಟಾಡೆ ಎಂಬಲ್ಲಿ, ಯುದ್ಧರಂಗಕ್ಕೆ ಕೆಲವೇ ಮೈಲು ದೂರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಹೊಣೆಯನ್ನು ಆ ಹುಡುಗಿಯೊಬ್ಬಳ ಮೇಲೆ ಬಿಟ್ಟು ತಾಯಿ ಮುಂದಿನ ಊರಿಗೆ ಹೋದರು. ಅಲ್ಲಿನ ಸೇನಾವೈದ್ಯನಿಗೆ ಈ ತ್ರಿಭುಜದ ಲೆಕ್ಕ ಅರ್ಥವಾಗುತ್ತಿರಲಿಲ್ಲ. ಹುಡುಗಿಯ ಮಾತು ಕೇಳಲು ಮನಸ್ಸೂ ಇರಲಿಲ್ಲ. ಗುಂಡು ಹೊಕ್ಕ ಗಾಯದ ಕಡೆಯಿಂದಲೇ ಹುಡುಕಿ ಸೋತ ಮೇಲೆ, ಐರೀನ್ ತೋರಿಸಿದ ಕಡೆಯಿಂದ ಶೋಧಿಸಿದಾಗ ಗುಂಡಿನ ಚೂರು ಸಿಕ್ಕಿತು. ಈ ಓಡಾಟದ ನಡುವೆಯೇ ಐರೀನ್ ಸೊರ್ಬಾನಿನ ಪದವಿ ಪರೀಕ್ಷೆಗಳನ್ನೂ ಮುಗಿಸಿದಳೆಂಬುದನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳ ಗಮನಕ್ಕೆ ತರುತ್ತೇವೆ.

ವಾಹನಗಳೂ ಯಂತ್ರಗಳೂ ಹೆಚ್ಚಿದಂತೆ ಇನ್ನೊಂದು ಕೊರತೆ ತಲೆದೋರಿತು. ಯಂತ್ರಗಳಿದ್ದರೂ ನಡೆಸಬಲ್ಲವರಿರಲಿಲ್ಲ. ಸೈನ್ಯ ಈ ಕೆಲಸಕ್ಕೆ ಹಾಕುತ್ತಿದ್ದ ಗಂಡಸರಲ್ಲಿ ಹಲವರಿಗೆ ವಿದ್ಯುತ್ತಿನ ಗಂಧವಿಲ್ಲ. ಕಲಿತ ಕೆಲವರನ್ನೂ ಮತ್ತೆ ಕಂದಕಗಳಿಗೆ ಕಳುಹಿಸುತ್ತಿದ್ದರು. ಕಲಿಯದವರ ಕೈಯಲ್ಲಿ ತೆಗೆದ ಮಸುಕು ಚಿತ್ರಗಳನ್ನು ನೋಡಿ, ಎಕ್ಸ್‌ರೇಯಿಂದ ಏನೂ ಪ್ರಯೋಜನವಿಲ್ಲವೆಂದು ತೀರ್ಮಾನಿಸಿದ ವೈದ್ಯರೂ ಇದ್ದರು. ಹಾಗಾಗಿ 1916ರ ಶರತ್ಕಾಲದಲ್ಲಿ ಮೇರಿಯವರು ಹೆಂಗಸರಿಗಾಗಿ ಎಕ್ಸ್‌ರೇ ತರಬೇತಿ ತರಗತಿಗಳನ್ನು ಆರಂಭಿಸಿದರು. ಯುದ್ಧದಿಂದ ಬರಿದಾಗಿದ್ದ ರೇಡಿಯಂ ಸಂಸ್ಥೆಯ ಕೋಣೆಗಳು ವಿದ್ಯಾರ್ಥಿನಿಯರಿಂದ ತುಂಬಿದವು. ಪಾಠ ಹೇಳುವವರಲ್ಲಿ ಐರೀನಳೂ ಒಬ್ಬಳು.

ವಿದ್ಯುತ್ತಿನ ಮೂಲಪಾಠ, ಅಳೆಯುವ ಸಾಧನಗಳ ಬಳಕೆ, ಕ್ಷ-ಕಿರಣಗಳ ಗುಣ, ಅಂಗರಚನೆ, ಫೋಟೋ ತಟ್ಟೆ ತೊಳೆಯುವ ಕ್ರಮ, ಯಂತ್ರ ಕೆಟ್ಟರೆ ರಿಪೇರಿ: ಇವು ಪಠ್ಯವಿಷಯಗಳು. ಬೆಳಿಗ್ಗೆ ಕಲಿತುದನ್ನು ಯಂತ್ರದ ಮುಂದೆ ನಿಂತು ಮಾಡಿ ತೋರಿಸಬೇಕಿತ್ತು. ಸೇರಿದವರು ಎಲ್ಲ ತರದವರು. ಓದಿದ ಶ್ರೀಮಂತ ಮನೆತನದ ಹೆಣ್ಣುಮಕ್ಕಳ ಪಕ್ಕದ ಬೆಂಚಿನಲ್ಲಿ, ಪರರ ಮನೆಯಲ್ಲಿ ಹಾಸಿಗೆ ಹಾಸುವ ಕೆಲಸಕ್ಕಿದ್ದವಳೂ ಕೂತಿದ್ದಳು. ಅಷ್ಟಾಗಿ ಶಾಲೆ ಕಾಣದವರಿಗೆ ಮೇರಿಯವರು ಬೇಸರಿಸದೆ ಮತ್ತೆ ಮತ್ತೆ ವಿವರಿಸುತ್ತಿದ್ದರು. ಮನೆಗೆಲಸದ ಆ ಹೆಂಗಸು ಒಂದು ದಿನ ಎಕ್ಸ್‌ರೇ ತಟ್ಟೆಯನ್ನು ಬಹಳ ಅಚ್ಚುಕಟ್ಟಾಗಿ ತೊಳೆದು ತೋರಿಸಿದಾಗ ಮೇಡಂ ಕ್ಯೂರಿಯವರಿಗಾದ ಸಂತೋಷವನ್ನು ಕಿರಿಯ ಮಗಳು ಈವ್ ತಾನು ಬರೆದ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾಳೆ. ಪರರ ಮನೆಯಲ್ಲಿ ಸಂಬಳಕ್ಕೆ ನಿಲ್ಲುವುದೆಂದರೇನೆಂದು ಮೇರಿಯವರಿಗೆ ಹೊಸದಾಗಿ ಹೇಳಿಕೊಡಬೇಕಿರಲಿಲ್ಲವಷ್ಟೆ.

ಯುದ್ಧ ಮುಗಿಯುವುದರೊಳಗೆ ಹೀಗೆ ಕಲಿತು ಹೊರಬಂದವರು ಸುಮಾರು 150 ಮಂದಿ. ಹೆಚ್ಚಿನವರು ಎಕ್ಸ್‌ರೇ ಕೋಣೆಗಳಲ್ಲಿ ಕೆಲಸಕ್ಕೆ ನಿಂತರು. ಮೊದಮೊದಲು ಹೆಂಗಸರನ್ನು ಕಂಡು ಮೂಗು ಮುರಿದ ಶಸ್ತ್ರವೈದ್ಯರು, ನಂಬಿ ಚಾಕು ಇಡಬಹುದಾದ ಚಿತ್ರಗಳು ಬರತೊಡಗಿದ ಮೇಲೆ ಸುಮ್ಮನಾದರು. 1919ರಲ್ಲಿ, ಊರಿಗೆ ಮರಳಲು ಹಡಗಿಗಾಗಿ ಕಾಯುತ್ತಿದ್ದ ಅಮೆರಿಕದ ಸೈನಿಕರ ಒಂದು ತಂಡಕ್ಕೂ ಇದೇ ಸಂಸ್ಥೆಯಲ್ಲಿ ಪಾಠ ನಡೆಯಿತು. ಈ ಎಲ್ಲ ಅನುಭವವನ್ನು ಸೇರಿಸಿ ಮೇರಿಯವರು ಯುದ್ಧ ಮತ್ತು ಎಕ್ಸ್‌ರೇ ವಿದ್ಯೆಯ ಕುರಿತು 1921ರಲ್ಲಿ ಒಂದು ಪುಸ್ತಕ ಹೊರತಂದರು.

ನಮ್ಮ ದೇಶದ ಮಾತು ಇಲ್ಲಿ ಬರುವುದು ಅಪ್ರಸ್ತುತವಾಗದು. ಆಸ್ಪತ್ರೆಗೆ ಹೋದ ರೋಗಿಯ ರಕ್ತ ಪರೀಕ್ಷಿಸುವವರು, ಸ್ಕ್ಯಾನ್ ಮಾಡುವವರು, ಮುರಿದ ಕಾಲಿಗೆ ನಡಿಗೆ ಕಲಿಸುವವರು, ಇವರ ಶಿಕ್ಷಣದ ಮಟ್ಟವನ್ನು ನಿರ್ಧರಿಸಿ ಹೆಸರು ನೋಂದಾಯಿಸಲು ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾನೂನು ಭಾರತದಲ್ಲಿ ಬಂದದ್ದು 2021ರಲ್ಲಿ. ವೈದ್ಯರಿಗೆ, ದಾದಿಯರಿಗೆ ಎಂದೋ ಇದ್ದ ಏರ್ಪಾಡು ಇವರಿಗೆ ದೊರೆಯಲು ಸ್ವಾತಂತ್ರ್ಯ ಬಂದು 70 ವರ್ಷ ಮೀರಬೇಕಾಯಿತು. ಅಲ್ಲಿಯವರೆಗೆ ಮೂರು ತಿಂಗಳ ಸರ್ಟಿಫಿಕೇಟಿನವರೂ ನಾಲ್ಕು ವರ್ಷ ಓದಿದವರೂ ಹಲವೆಡೆ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರೆ ಆಶ್ಚರ್ಯವೇನು? ಮಕ್ಕಳನ್ನು ಕೋರ್ಸಿಗೆ ಸೇರಿಸುವ ಮುನ್ನ ಆ ಸಂಸ್ಥೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಕೈಯಾರೆ ಕಲಿಯಲು ಆಸ್ಪತ್ರೆಯಿದೆಯೇ ಎಂದು ಮನೆಯವರು ವಿಚಾರಿಸುವುದು ಒಳಿತು.

1918ರ ನವೆಂಬರಿನಲ್ಲಿ ಯುದ್ಧ ನಿಂತಾಗ ಪೋಲೆಂಡ್ ಮತ್ತೆ ಸ್ವತಂತ್ರ ದೇಶವಾಯಿತು. ಮೇರಿಯವರ ಪಾಲಿಗೆ ಅದು ಎರಡು ಗೆಲುವುಗಳ ದಿನ. ಕೈಯಲ್ಲಿ ಹಣ ಮಾತ್ರ ಉಳಿದಿರಲಿಲ್ಲ. ನೊಬೆಲ್ ಹಣದ ಬಹುಭಾಗವನ್ನು ಯುದ್ಧಸಾಲದ ಪತ್ರಗಳಿಗೆ ಹಾಕಿ ಕಳೆದುಕೊಂಡಿದ್ದರು. 1921ರಲ್ಲಿ ಅಮೆರಿಕದ ಹೆಂಗಸರು ಒಂದು ಲಕ್ಷ ಡಾಲರ್ ಕೂಡಿಸಿ ಒಂದು ಗ್ರಾಂ ರೇಡಿಯಂ ಕೊಂಡು, ಅಧ್ಯಕ್ಷ ಹಾರ್ಡಿಂಗ್ ಅವರ ಕೈಯಿಂದ ಅವರಿಗೆ ಕೊಡಿಸಿದರು. ಎಂಟು ವರ್ಷಗಳ ಮೇಲೆ ಮತ್ತೊಮ್ಮೆ ಅಮೆರಿಕಕ್ಕೆ ಹೋದದ್ದು ತನಗಾಗಿ ಅಲ್ಲ, ವಾರ್ಸಾದಲ್ಲಿ ಕಟ್ಟುತ್ತಿದ್ದ ಚಿಕಿತ್ಸಾ ಸಂಸ್ಥೆಗೆ ರೇಡಿಯಂ ತರಲು. 1932ರಲ್ಲಿ ಆ ಸಂಸ್ಥೆ ತೆರೆಯಿತು. ನಿರ್ದೇಶಕಿಯ ಕುರ್ಚಿಯಲ್ಲಿ ಕೂತವರು ಡಾಕ್ಟರ್ ಬ್ರೋನ್ಯಾ, ಅಂದರೆ ಹಿಂದೆ ತಂಗಿಯ ಮನೆಪಾಠದ ದುಡ್ಡಿನಲ್ಲಿ ವೈದ್ಯಶಾಸ್ತ್ರ ಓದಿದ ಅದೇ ಅಕ್ಕ.

ಅಷ್ಟರಲ್ಲಿ ಮೇರಿಯವರ ಆರೋಗ್ಯ ಕುಸಿದಿತ್ತು. ಕಣ್ಣಿಗೆ ಪೊರೆ ಬಂದು ಹಲವು ಬಾರಿ ಶಸ್ತ್ರಚಿಕಿತ್ಸೆಯಾಗಿತ್ತು. ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ದವು. 1934ರ ಜುಲೈ 4ರಂದು ಫ್ರಾನ್ಸಿನ ಬೆಟ್ಟದೂರಿನ ಆರೋಗ್ಯಧಾಮವೊಂದರಲ್ಲಿ, ಮೂಳೆಯ ಮಜ್ಜೆ ರಕ್ತ ಉತ್ಪಾದಿಸಲಾರದ ರೋಗದಿಂದ ಅವರು ತೀರಿಕೊಂಡರು. ಮರುವರ್ಷ ಮಗಳು ಐರೀನ್ ಮತ್ತು ಅಳಿಯನಿಗೆ ರಸಾಯನವಿಜ್ಞಾನದ ನೊಬೆಲ್ ಬಂತು. ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ಮೃತರಾದರು.

ಕ್ಯೂರಿಯವರನ್ನು ರೇಡಿಯಂ ಕೊಂದಿತೆಂದು ಲೋಕವೆಲ್ಲ ಬಹುಕಾಲ ನಂಬಿತ್ತು. 1995ರಲ್ಲಿ ಫ್ರಾನ್ಸ್ ತನ್ನ ಮಹನೀಯರ ಸಮಾಧಿಮಂದಿರವಾದ ಪಾಂತಿಯಾನ್‌ಗೆ ದಂಪತಿಗಳ ಅವಶೇಷಗಳನ್ನು ಸಾಗಿಸಿದಾಗ ವಿಕಿರಣ ತಜ್ಞರು ಪೆಟ್ಟಿಗೆಯನ್ನು ಪರೀಕ್ಷಿಸಿದರು. ನಿರೀಕ್ಷಿಸಿದಷ್ಟು ರೇಡಿಯಂ ಅಲ್ಲಿ ಕಂಡುಬರಲಿಲ್ಲ. ಅವರ ರೋಗಕ್ಕೆ ರೇಡಿಯಂಗಿಂತ, ಯುದ್ಧದ ನಾಲ್ಕು ವರ್ಷ ಸರಿಯಾದ ರಕ್ಷಣೆಯಿಲ್ಲದೆ ಕತ್ತಲೆ ಕೋಣೆಗಳಲ್ಲಿ ಮೈಮೇಲೆ ಬಿದ್ದ ಕ್ಷ-ಕಿರಣಗಳೇ ಕಾರಣವಾಗಿರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು.

ಇಂದು ಎಕ್ಸ್‌ರೇ ವಿಭಾಗದಲ್ಲಿ ಓದುವ ಮಕ್ಕಳಿಗೆ ವಿಕಿರಣದಿಂದ ರಕ್ಷಣೆ ಎಂಬುದು ಪರೀಕ್ಷೆಗೆ ಬರುವ ಒಂದು ಪ್ರತ್ಯೇಕ ವಿಷಯ. ಸೀಸದ ಏಪ್ರನ್ ತೊಡದೆ, ಗೋಡೆಯ ಮರೆಗೆ ಹೋಗದೆ ಗುಂಡಿ ಒತ್ತುವಂತಿಲ್ಲ. ಅವರ ಅಂಗಿಗೆ ಸಿಕ್ಕಿಸಿದ ಪುಟ್ಟ ಬ್ಯಾಡ್ಜನ್ನು ನಮ್ಮ ಓದುಗರು ಆಸ್ಪತ್ರೆಗಳಲ್ಲಿ ಕಂಡಿರಬಹುದು. ಅದು ಹೆಸರಿನ ಬಿಲ್ಲೆಯಲ್ಲ. ಮೈಮೇಲೆ ಎಷ್ಟು ಕಿರಣ ಬಿತ್ತೆಂದು ತಿಳಿಯಲು ಅದನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳುಹಿಸಿ ಲೆಕ್ಕ ತೆಗೆಯುತ್ತಾರೆ.